ತೊಟ್ಟಿಲು ಕೊಟ್ಟವಳ ಬೆನ್ನು

ಕಲಘಟಗಿಯ ನಮ್ಮ ಜನಸೇವಾ ಕ್ಲಬ್ಬಿನವರು ಮಾಡಿದ ಸೇವೆಯನ್ನು ನೋಡಬೇಕೆಂದರೆ ಫೋಟೋದಲ್ಲಿ ನೋಡಬೇಕು. ದವಾಖಾನೆಯಲ್ಲಿ ಬಾಳೆಹಣ್ಣು ಹಂಚಿದ ಫೋಟೋ ಒಂದಿದೆ. ಅವತ್ತು ರೋಗಿಗಳು ಕಡಿಮೆ, ಸದಸ್ಯರು ಹೆಚ್ಚು. ಹೀಗಾಗಿ ಒಂದೇ ಬಾಳೆಹಣ್ಣನ್ನು ನಾಲ್ಕು ಮಂದಿ ಹಿಡಿದು ಒಬ್ಬ ಮುದುಕನಿಗೆ ಕೊಡುತ್ತಿದ್ದಾರೆ. ಮುದುಕ ಗಾಬರಿಯಾಗಿ ಕ್ಯಾಮೆರಾ ನೋಡುತ್ತಿದ್ದಾನೆ. ಎಡಗಡೆಯ ಮೊದಲನೆಯವರು ನನ್ನ ಯಜಮಾನರು, ಕ್ಲಬ್ಬಿನ ಕಾರ್ಯದರ್ಶಿ ಈರಪ್ಪನವರು. ಗಂಡನ ಹೆಸರು ಬಾಯಲ್ಲಿ ಹೇಳಬಾರದು. ಬರೆಯಲು ಅಡ್ಡಿಯಿಲ್ಲವೆಂದು ನಾನೇ ತೀರ್ಮಾನಿಸಿದ್ದೇನೆ. ಆ ಫೋಟೋ ನಮ್ಮ ಪಡಸಾಲೆಯಲ್ಲಿ ದೇವರ ಫೋಟೋದ ಬಾಜು ಇದೆ. ನಾನು ಧೂಳು ಒರೆಸುವುದು ದೇವರದ್ದನ್ನು ಮಾತ್ರ.

ಅಧ್ಯಕ್ಷರು ಮಡಿವಾಳೆಪ್ಪನವರು, ಅಕ್ಕಿ ಗಿರಣಿಯ ಸಾವಕಾರರು, ನಮ್ಮ ಪಕ್ಕದ ಮನೆಯವರು. ಒಳ್ಳೆಯ ಮನುಷ್ಯ. ಹಾರ ಕಂಡರೆ ಮಾತ್ರ ಕುತ್ತಿಗೆ ತಾನಾಗಿಯೇ ಮುಂದೆ ಬರುತ್ತದೆ. ಅವರ ಹೆಂಡತಿ ಗೌರಕ್ಕ ನನ್ನ ಜೀವದ ಗೆಳತಿ. ಕ್ಲಬ್ಬು ತನ್ನ ಜನ್ಮದಲ್ಲಿ ಮಾಡಿದ ಒಂದೇ ಒಂದು ನಿಜವಾದ ಕೆಲಸ ಅವಳದ್ದು.

ಕಲಘಟಗಿಯ ತೊಟ್ಟಿಲೆಂದರೆ ನಾಲ್ಕೂರಲ್ಲಿ ಹೆಸರು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲೂ ಬಾಲಕೃಷ್ಣನ ಆಟದ ಚಿತ್ರ. ಅದು ತವರುಮನೆಯಿಂದ ಬರಬೇಕು, ಅದೂ ಕೂಸು ಹುಟ್ಟಿದ ಮೇಲೆ. ಗೌರಕ್ಕನ ಅಪ್ಪ ಯರಗುಪ್ಪಿಯ ಎರೆ ಹೊಲದ ಒಕ್ಕಲಿಗ. ಮಳೆಗೆ ಮೊದಲೇ ಬಿತ್ತುವ ಅವಸರದ ಮನುಷ್ಯ. ಒಬ್ಬಳೇ ಮಗಳು. ಅವಳ ಮದುವೆಗೆ ಬಂದವನು ಚಿತ್ರಗಾರರ ಓಣಿಯಲ್ಲಿ ತೊಟ್ಟಿಲು ಕಂಡು ಮರುಳಾಗಿ, ಮಗಳ ಮೈಮೇಲಿನ ಅರಿಷಿಣ ಆರುವ ಮೊದಲೇ ಒಂದನ್ನು ಮಾಡಿಸಿ ಕಳಿಸಿಬಿಟ್ಟ. ತೊಟ್ಟಿಲು ಬಂತು, ಕೂಸು ಬರಲಿಲ್ಲ. ವರ್ಷಗಟ್ಟಲೆ ಅದು ಅಟ್ಟದ ಮೇಲೆ ಹಳೆಯ ಸೀರೆ ಹೊದ್ದುಕೊಂಡು ಕೂತಿತ್ತು.

ನಮ್ಮ ಕಡೆ ಹೆಸರಿಡುವವಳು ಸೋದರತ್ತೆ, ಎಂದರೆ ಕೂಸಿನ ಅಪ್ಪನ ಅಕ್ಕನೋ ತಂಗಿಯೋ. ಆಕೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವಾಗ ನೆರೆದ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದಬೇಕು. ಅದು ಶಾಸ್ತ್ರ. ಶಾಸ್ತ್ರದ ನೆವದಲ್ಲಿ ಎಷ್ಟೋ ಹಳೆಯ ಸೇಡುಗಳೂ ತೀರಿಹೋಗುತ್ತವೆ. ನಾನು ನನ್ನ ಅಣ್ಣಂದಿರ ಮಕ್ಕಳಿಗೆ ಹೆಸರಿಟ್ಟು ತಿಂದ ಗುದ್ದು ಈಗಲೂ ಮೋಡ ಕಟ್ಟಿದರೆ ನೋಯುತ್ತದೆ. ಗೌರಕ್ಕನಿಗೆ ಅಣ್ಣತಮ್ಮಂದಿರಿಲ್ಲ, ಗುದ್ದೂ ಇಲ್ಲ. ಹೆಸರಿಡುವ ಮನೆಗೆ ಹೋದರೆ ಬಾಗಿಲ ಹತ್ತಿರ ಕೂತು, ಗುಗ್ಗರಿ ಕಟ್ಟಿಸಿಕೊಂಡು ಬರುತ್ತಿದ್ದಳು. ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ತೊಟ್ಟಿಲ ಹಗ್ಗವನ್ನು ಯಾರೂ ಅವಳ ಕೈಗೆ ಕೊಡುತ್ತಲೂ ಇರಲಿಲ್ಲ. ನಾನು ದಾರಿಯುದ್ದಕ್ಕೂ ಅವರನ್ನೆಲ್ಲ ಬೈಯುತ್ತ ಬರುತ್ತಿದ್ದೆ. ಅವಳು ಮಾತ್ರ, “ಗುಗ್ಗರಿಗೆ ಉಪ್ಪು ಕಮ್ಮಿ ಆಗಿತ್ತ ನೋಡು,” ಎಂದು ಮಾತು ತಿರುಗಿಸುತ್ತಿದ್ದಳು.

ಎಂಬತ್ತೈದನೆಯ ಇಸವಿಯಲ್ಲಿ ಒಂದು ದಿನ ಕ್ಲಬ್ಬಿನವರು ಗೌರಕ್ಕನ ಪಡಸಾಲೆಯಲ್ಲಿ ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಹೊಸ ಸೇವೆ ಹುಡುಕುತ್ತಿದ್ದರು. ಮಿರ್ಚಿ ಮುಗಿಯಿತು, ಸೇವೆ ಸಿಗಲಿಲ್ಲ. ಚಹಾ ತಂದ ಗೌರಕ್ಕ ಗಂಡನಿಗೆ ಹೇಳಿದಳು:

“ಅಟ್ಟದ ಮ್ಯಾಲಿನ ತೊಟ್ಟಿಲಾ ತಗೊಂಡು ಹೋಗ್ರಿ. ತವರಿಲ್ಲದ ಹೆಣ್ಣಮಕ್ಕಳು ಎಷ್ಟ್ ಮಂದಿ ಅದಾರ, ಅವರಿಗೆ ಕೊಡ್ರಿ. ಆದ್ರ ಒಂದ್ ಶರ್ತ. ಒಂದ್ ಕೂಸು ಇಳಿದ್ರ ಇನ್ನೊಂದ್ ಕೂಸಿನ ಮನಿಗೇ ಹೋಗಬೇಕು. ಖಾಲಿ ತೊಟ್ಟಿಲಾ ನಾ ನೋಡಿದ್ದು ಸಾಕ. ಇನ್ನ ನೋಡಾಂಗಿಲ್ಲ.”

ಗಂಡಸರು ಚಪ್ಪಾಳೆ ತಟ್ಟಿದರು. ತೊಟ್ಟಿಲು ಹೋಯಿತು. ಮರುದಿನವೇ ಎಲ್ಲರೂ ಅದನ್ನು ಮರೆತರು.

ಎರಡು ವರ್ಷ ಕಳೆದ ಮೇಲೆ ನನ್ನ ಯಜಮಾನರು ಹುಬ್ಬಳ್ಳಿಯ ಸಭೆಗೆ ಹೋದರು. ಎಲ್ಲ ಊರಿನವರೂ ತಮ್ಮ ತಮ್ಮ ಸೇವೆ ಹೊಗಳಿಕೊಳ್ಳುವಾಗ ಇವರಿಗೆ ಬಾಳೆಹಣ್ಣು ಹೇಳಲು ನಾಚಿಕೆಯಾಗಿ, ‘ತೊಟ್ಟಿಲು ಯೋಜನೆ’ ಎಂದುಬಿಟ್ಟರು. ಕ್ಲಬ್ಬಿನ ಜಿಲ್ಲಾ ಅಧ್ಯಕ್ಷರಿಗೆ ಬಹಳ ಮೆಚ್ಚಿಗೆಯಾಯಿತು. ಬರುವ ರವಿವಾರ ತಾವೇ ಬಂದು, ವೇದಿಕೆಯ ಮೇಲೆ ತೊಟ್ಟಿಲು ತೂಗಿ ಉದ್ಘಾಟನೆ ಮಾಡುವುದಾಗಿ ಹೇಳಿದರು. ಕಲಘಟಗಿಯಲ್ಲಿ ಚಪ್ಪರ ಎದ್ದಿತು. ತೊಟ್ಟಿಲು ತೂಗುಹಾಕಲು ಅಡ್ಡ ಕಟ್ಟಿದ ಗಳ ಭಾರ ತಡೆಯುತ್ತದೋ ಇಲ್ಲವೋ ನೋಡಲು ಯಜಮಾನರೇ ಅದಕ್ಕೆ ಜೋತು ಬಿದ್ದರು. ಗಳ ತಡೆಯಿತು, ಧೋತರದ ಗಂಟು ತಡೆಯಲಿಲ್ಲ.

ಇಷ್ಟೆಲ್ಲ ಆದ ಮೇಲೆ ಗೌರಕ್ಕ ನಿಧಾನಕ್ಕೆ ಕೇಳಿದಳು. “ತೊಟ್ಟಿಲಾ ತೂಗತಾರ ಅಂದ್ರಿ. ಒಳಗ ಯಾರ ಕೂಸು?”

ಮಡಿವಾಳೆಪ್ಪನವರು ಹೆಂಡತಿಯ ಮುಖ ನೋಡಿದರು. “ಕೂಸು ಯಾಕ? ಉದ್ಘಾಟನಿ ಅಷ್ಟ. ಸಾಹೇಬ್ರು ಹಗ್ಗ ಜಗ್ಗತಾರ, ಫೋಟೋ ತಗೀತಾರ.”

ಖಾಲಿ ತೊಟ್ಟಿಲು ತೂಗಬಾರದೆಂಬುದು ಸಣ್ಣ ಹುಡುಗಿಗೂ ಗೊತ್ತು. ತೂಗಿದರೆ ಮುಂದೆ ಅದರಲ್ಲಿ ಮಲಗುವ ಕೂಸಿಗೆ ಹೊಟ್ಟೆನೋವು ಎನ್ನುತ್ತಾರೆ. ಊರಿನ ಇಷ್ಟೊಂದು ದೊಡ್ಡ ಮನುಷ್ಯರು ಸೇರಿ ಮೈಕು ಹಚ್ಚಿ ಖಾಲಿ ತೊಟ್ಟಿಲು ತೂಗಲು ಹೊರಟಿದ್ದರು! ಗೌರಕ್ಕ ಜಗಳ ತೆಗೆಯಲಿಲ್ಲ. ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಅವಳು ಜಗಳ ತೆಗೆದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಶನಿವಾರ ತೊಟ್ಟಿಲು ತರಲು ಗಿರಣಿಯ ಜೀಪು ಹೊರಟಾಗ ಅವಳೂ ಹತ್ತಿ ಕೂತಳು. “ಗಂಡಸ್ರಷ್ಟ ಹೋದ್ರ ಯಾವದರ ಕೂಸಿನ್ನ ನೆಲಕ್ಕ ಹಾಕಿ ತೊಟ್ಟಿಲಾ ಕಸಗೊಂಡು ಬರ್ತಾರ. ಸಾವಿತ್ರಿ, ನೀನೂ ಬಾ.”

ಮೊದಲು ಊರೊಳಗೇ ತಿರಕಪ್ಪನ ಮನೆ. ಅಲ್ಲಿ ತೊಟ್ಟಿಲು ಇರಲಿಲ್ಲ. ಅದರಲ್ಲಿ ಮಲಗೆದ್ದ ಹುಡುಗ ಈಗ ಕೋಳಿಯ ಬೆನ್ನು ಹತ್ತಿದ್ದ. “ಬಮ್ಮಿಗಟ್ಟಿ ಖಾಸಿಂಬಿ ಸೊಸಿಗೆ ಕೂಸಾತು, ಅಲ್ಲಿಗೆ ಕೊಟ್ವಿರಿ,” ಎಂದ ತಿರಕಪ್ಪ. ಕ್ಲಬ್ಬಿಗೆ ಯಾಕೆ ಹೇಳಲಿಲ್ಲವೆಂದು ಯಜಮಾನರು ಗದರಿದರು. “ಕ್ಲಬ್ಬಿನವರಿಗೆ ಕೂಸು ಇರಲಿಲ್ಲಲ್ರಿ,” ಎಂದ ಅವನು.

ಬಮ್ಮಿಗಟ್ಟಿಯಲ್ಲಿ ಖಾಸಿಂಬಿ ಎಲ್ಲರಿಗೂ ಚಹಾ ಕೊಟ್ಟಳು. ಮೊಮ್ಮಗಳನ್ನು ತಂದು ಮಡಿವಾಳೆಪ್ಪನವರ ತೊಡೆಯ ಮೇಲೆ ಕೂರಿಸಿ, “ನಿಮ್ಮ ತೊಟ್ಟಿಲಿನ ಕೂಸು ನೋಡ್ರಿ, ಎಷ್ಟ್ ತೂಕ ಐತಿ,” ಎಂದಳು. ಅಧ್ಯಕ್ಷರ ಇಸ್ತ್ರಿಯ ಧೋತರಕ್ಕೆ ಕೂಸು ತನ್ನ ಕೈಲಾದ ಸೇವೆ ಮಾಡಿತು. ಆದರೆ ತೊಟ್ಟಿಲು ಅಲ್ಲಿಂದಲೂ ಮುಂದೆ ಹೋಗಿತ್ತು: ಊರ ಹೊರಗೆ ಕುರಿಹಟ್ಟಿಯ ಬಾಜು ಇದ್ದ ಮೈಲಾರವ್ವನ ಮನೆಗೆ.

ಎಲ್ಲ ಕಡೆಯೂ ಗೌರಕ್ಕ ಜೀಪಿನಲ್ಲೇ ಕೂತಿದ್ದಳು. ಇಳಿ ಎಂದರೆ ಮೊಣಕಾಲು ನೋವು ಎನ್ನುವಳು. ಬೆಳಿಗ್ಗೆ ಬಾವಿಯಿಂದ ಎರಡು ಕೊಡ ನೀರು ಹೊತ್ತು ತಂದವಳಿಗೆ ಎಲ್ಲಿಯ ಮೊಣಕಾಲು ನೋವು! ಕೂಸಿದ್ದ ಮನೆಯ ಹೊಸ್ತಿಲು ದಾಟಲು ಅವಳಿಗೆ ಧೈರ್ಯವಿರಲಿಲ್ಲ. ನನಗೆ ಅದು ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವಳಿಗೂ ಗೊತ್ತಿತ್ತು.

ಮೈಲಾರವ್ವನ ಮನೆಯ ತೊಲೆಗೆ ತೊಟ್ಟಿಲು ತೂಗುಬಿದ್ದಿತ್ತು. ಬಣ್ಣ ಸ್ವಲ್ಪವೂ ಮಾಸಿರಲಿಲ್ಲ. ಒಳಗೆ ತಲೆಗೆ ಕುಂಚಿಗೆ ಹಾಕಿಸಿಕೊಂಡು, ಕೌದಿ ಹೊದ್ದು ಒಂದು ಕೂಸು. ನನ್ನ ಯಜಮಾನರು ಮೆಲ್ಲಗೆ ಬಗ್ಗಿ, ಚಿಟಿಕೆ ಹಾಕಿ, “ಏನೋ ಬಂಗಾರಾ,” ಎಂದು ಮುದ್ದು ಮಾಡಿದರು. ಕೂಸು ಅಲುಗಲಿಲ್ಲ. ಕುಂಚಿಗೆ ಸರಿಸಿ ನೋಡಿದರೆ ರುಬ್ಬುವ ಗುಂಡಕಲ್ಲು!

ಮೈಲಾರವ್ವ ಒಳಗಿನಿಂದ ನಕ್ಕೋತ ಬಂದಳು. “ಕೂಸು ಇನ್ನೂ ತಾಯಿ ಮಗ್ಗಲದಾಗ ಐತ್ರಿ. ಸೋಮವಾರ ತೊಟ್ಟಿಲಕ್ಕ ಹಾಕಿ ಹೆಸರಿಡಾವ್ರು. ಅಲ್ಲೀತನಾ ಖಾಲಿ ಇರಬಾರದಂತ ಗುಂಡಕಲ್ಲ ಮಲಗಿಸೇನಿ.”

ಮಡಿವಾಳೆಪ್ಪನವರು ಗಂಟಲು ಸರಿಮಾಡಿಕೊಂಡರು. “ಯವ್ವಾ, ನಾಳಿ ಒಂದ್ ದಿನದ ಮಟ್ಟಿಗೆ ತೊಟ್ಟಿಲಾ ಕೊಡು. ಹುಬ್ಬಳ್ಳಿ ಸಾಹೇಬ್ರು ಬರಾವ್ರದಾರ.”

“ಕೂಸಿಗಂತ ಬಂದ ತೊಟ್ಟಿಲಾ ಕೂಸಿನ್ನ ಬಿಟ್ಟು ಹೊರಗ ಹೋಗಬಾರದ್ರಿ. ಮತ್ತ ಕೊಟ್ಟಾಕಿ ಶರ್ತ ಬ್ಯಾರೆ ಐತಿ. ಖಾಲಿ ಹೋಗಾಂಗಿಲ್ಲ. ಕಲಘಟಗಿ ಗೌರಕ್ಕನ ಶರ್ತ. ನಿಮಗ ಗೊತ್ತಿಲ್ಲೇನು?”

ಗೌರಕ್ಕನ ಗಂಡನಿಗೆ ಹೀಗೆ ಕೇಳಿದಳು! ಅವರು ತಮ್ಮ ಚಪ್ಪಲಿ ನೋಡಿಕೊಂಡರು. ಕ್ಲಬ್ಬು ಮರೆತದ್ದನ್ನು ಮನೆಯಿಂದ ಮನೆಗೆ ಹೆಂಗಸರು ತೊಟ್ಟಿಲಿನ ಸಂಗಡವೇ ದಾಟಿಸಿದ್ದರು.

ಆಗ ನಾನು ಬಾಯಿ ಹಾಕಿದೆ. “ಹಂಗಾರ ಕೂಸಿನ್ನೂ ಕರಕೊಂಡ ಬರ್ರಿ. ಸೋಮವಾರದ ಶಾಸ್ತ್ರ ರವಿವಾರ ಆಗ್ಲಿ. ಊಟ ಅಧ್ಯಕ್ಷರದು.”

ಅಧ್ಯಕ್ಷರು ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು. ಆದರೆ ಮೈಲಾರವ್ವನಿಗೆ ಮಾತು ಹಿಡಿಸಿತು. “ಸೊಸಿಗೆ ತವರಿಲ್ಲ, ನನಗ ಒಬ್ಬ ಮಗನ ಬಿಟ್ರ ಹೆಣ್ಣಮಕ್ಕಳಿಲ್ಲ. ಹೆಸರಿಡಾಕ ಅತ್ತಿ ಸೈತ ಇಲ್ಲ. ನಾಕ ಮಂದಿ ನಡುವ ಆದ್ರ ಛಲೋನ ಆತು,” ಎಂದಳು. ಆಮೇಲೆ ಅಂಗಳಕ್ಕೆ ಬಂದು ಜೀಪಿನ ಕಡೆ ನೋಡಿದಳು. “ಅಲ್ಲಿ ಕುಂತಾಕಿ ಯಾರು? ಒಳಗ ಯಾಕ ಬರವಲ್ಲಳು?”

“ಆಕೀನ ಗೌರಕ್ಕ,” ಎಂದೆ. ಯಾಕೆ ಬರವಲ್ಲಳೆಂದು ಮೈಲಾರವ್ವ ಮತ್ತೆ ಕೇಳಲಿಲ್ಲ. ಅವಳೂ ಹೆಂಗಸು.

ರವಿವಾರ ಚಪ್ಪರ ತುಂಬಿ ಹೋಯಿತು. ಹೆಸರಿಡುವ ಊಟ ಎಂದು ಸುದ್ದಿ ಹಬ್ಬಿದ್ದರಿಂದ ತೊಟ್ಟಿಲು ಹೋದ ಮನೆಯವರೆಲ್ಲ ಚಕ್ಕಡಿ ಕಟ್ಟಿಕೊಂಡು, ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ವೇದಿಕೆಯ ಮೇಲೆ ತೊಟ್ಟಿಲು, ತೊಟ್ಟಿಲಲ್ಲಿ ನಿಜವಾದ ಕೂಸು, ಹೆಣ್ಣು. ಜಿಲ್ಲಾ ಅಧ್ಯಕ್ಷರು ಸೂಟು ಹಾಕಿಕೊಂಡು ಬೆವರುತ್ತ ಹಗ್ಗ ಜಗ್ಗಿದರು. ಫೋಟೋ ಆಯಿತು. ಅಷ್ಟಕ್ಕೆ ನಿಲ್ಲಿಸಿದ್ದರೆ ಅವರು ನನ್ನ ಯಜಮಾನರು ಹೇಗಾಗುತ್ತಿದ್ದರು! ಮೈಕಿನಲ್ಲಿ ಘೋಷಿಸಿಯೇಬಿಟ್ಟರು: “ಈಗ ಮಾನ್ಯ ಸಾಹೇಬರೇ ಮಗುವಿಗೆ ನಾಮಕರಣ ಮಾಡಬೇಕೆಂದು ವಿನಂತಿ.”

ಸಾಹೇಬರು ಸಂತೋಷದಿಂದ ತೊಟ್ಟಿಲಿಗೆ ಬಗ್ಗಿದರು. ಬಗ್ಗಿದ್ದೇ ತಡ, ಹೆಂಗಸರ ಸಾಲಿಗೆ ಸಾಲೇ ಎದ್ದು ನಿಂತಿತು. ಖಾಸಿಂಬಿ ಬಳೆ ಮೇಲೆ ಸರಿಸಿಕೊಂಡಳು. ಮೈಲಾರವ್ವ ಗಂಭೀರವಾಗಿ ಹೇಳಿದಳು: “ಇಡ್ರಿ ಸಾಹೇಬ್ರ. ಆದ್ರ ಹೆಸರಿಟ್ಟಾವ್ರು ಬೆನ್ನ ಕೊಡಬೇಕಾಗತೈತಿ. ಕೋಟ ತಗೀತೀರೋ, ಹಂಗ ತಿಂತೀರೋ?”

ಅಷ್ಟು ದೊಡ್ಡ ಮನುಷ್ಯರು ಅಷ್ಟು ಬೇಗ ಹಿಂದೆ ಸರಿದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಚಪ್ಪರವೆಲ್ಲ ನಕ್ಕಿತು. ಮೈಲಾರವ್ವ ನಗಲಿಲ್ಲ. ಹಿಂದೆ ಕಂಬಕ್ಕೆ ಒರಗಿ ಊಟದ ಎಲೆ ಒರೆಸುತ್ತ ಕೂತಿದ್ದ ಗೌರಕ್ಕನ ಕಡೆ ಕೈ ಮಾಡಿದಳು.

“ನನಗ ಹೆಣ್ಣಮಕ್ಕಳಿಲ್ಲ. ತೊಟ್ಟಿಲಾ ಕೊಟ್ಟಾಕಿ ನನ್ನ ಮನಿ ಮಗಳು. ಮಗಳಾದ್ಲು ಅಂದ್ರ ನನ್ನ ಮೊಮ್ಮಗಳಿಗೆ ಅತ್ತಿ. ಬಾ ತಂಗಿ.”

ಗೌರಕ್ಕನ ಕೈಯಿಂದ ಎಲೆ ಜಾರಿತು. “ನಾ ಬ್ಯಾಡ್ರಿ. ಯಾರರ ಮಕ್ಕಳಿದ್ದಾಕಿ ಇಡ್ಲಿ.”

ಮಡಿವಾಳೆಪ್ಪನವರು ಹಾರ ಹಾಕಿಕೊಂಡು ವೇದಿಕೆಯ ಮೇಲೆ ಕೂತಿದ್ದರು. ಎದ್ದರು, ಹಾರ ತೆಗೆದು ಕುರ್ಚಿಯ ಮೇಲಿಟ್ಟರು. ಮೈಕಿನ ಹತ್ತಿರ ಹೋಗಲಿಲ್ಲ. “ಬಾ ಗೌರಿ,” ಎಂದರು. ಅಷ್ಟೇ. ಆ ಮನುಷ್ಯ ಮಾಡಿದ ಭಾಷಣಗಳಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ನಾನು ಅವಳ ಕೈ ಹಿಡಿದು ಮೇಲೆ ಹತ್ತಿಸಿದೆ. ಮೈಲಾರವ್ವ ಅವಳ ಕಿವಿಯಲ್ಲಿ ಹೆಸರು ಹೇಳಿದಳು. ಗೌರಕ್ಕ ತನ್ನ ಅಪ್ಪ ಕೊಟ್ಟ ತೊಟ್ಟಿಲಿಗೆ ಮೊದಲ ಸಲ ಬಗ್ಗಿದಳು. “ಕುರ್ರ್... ಮಲ್ಲಕ್ಕ,” ಎಂದಳು. ಕೂಸು ಕಣ್ಣು ಬಿಟ್ಟು ಅವಳನ್ನು ನೋಡಿತು.

ಹೆಂಗಸರು ಬೆನ್ನಿಗೆ ಕೈ ಹಾಕಿದರು. ಆದರೆ ಅದೆಂಥ ಗುದ್ದು! ನೊಂದೀತೆಂದು ಹೆದರಿ ಸವರಿದ ಹಾಗೆ, ಪಾಪ ಪಾಪ ಎಂದು ತಟ್ಟಿದ ಹಾಗೆ. ನಾನೂ ಹಾಗೆಯೇ ತಟ್ಟಿದೆ. ನನ್ನ ಕೈ ಮೇಲೇಳಲಿಲ್ಲ.

ಬಗ್ಗಿದ್ದ ಗೌರಕ್ಕ ಕುತ್ತಿಗೆ ತಿರುಗಿಸಿದಳು. ಕಣ್ಣ ತುಂಬ ನೀರು, ದನಿಯ ತುಂಬ ಸಿಟ್ಟು. “ಇದೇನ ಗುದ್ದೂದು? ಅತ್ತಿಗೆ ಹಿಂಗೇನ್ರೇ ಗುದ್ದತಾರ? ಕೈಯಾಗ ಕಸುವಿಲ್ಲೇನು?”

ಆಮೇಲೆ ನಡೆದದ್ದನ್ನು ಸಾಹೇಬರು ಹುಬ್ಬಳ್ಳಿಯಲ್ಲಿ ಹೇಗೆ ವರ್ಣಿಸಿದರೋ ಗೊತ್ತಿಲ್ಲ. ಖಾಸಿಂಬಿ ಶುರು ಮಾಡಿದಳು. ತಿರಕಪ್ಪನ ಹೆಂಡತಿ ಕಂಕುಳ ಹುಡುಗನನ್ನು ನನ್ನ ಯಜಮಾನರ ಕೈಗೆ ತುರುಕಿ ಓಡಿ ಬಂದಳು. ಇಷ್ಟು ವರ್ಷ ಯಾರ್‍ಯಾರು ಹಗ್ಗ ಕೊಡದೆ ಅವಳನ್ನು ಬಾಗಿಲಲ್ಲಿ ಕೂರಿಸಿದ್ದರೋ ಅವರೆಲ್ಲ ಬಂದು ಗುದ್ದಿದರು. ಧಪ್ ಧಪ್ ಎಂದು ಮೈಕಿನಲ್ಲೂ ಕೇಳಿಸಿತು. ಗೌರಕ್ಕ ತೊಟ್ಟಿಲಿನ ಅಂಚು ಹಿಡಿದು ನಗುತ್ತಿದ್ದಳು, ಅಳುತ್ತಿದ್ದಳು, “ಸಾಕ್ರೇ, ಸತ್ತೆ!” ಎನ್ನುತ್ತಿದ್ದಳು, ಆದರೆ ಬೆನ್ನು ಮಾತ್ರ ಸರಿಸಲಿಲ್ಲ. ಕೊನೆಯ ಗುದ್ದು ನನ್ನದು. ಅಳುಕದೆ ಹಾಕಿದೆ.

ತೊಟ್ಟಿಲು ಅವತ್ತೇ ಕೂಸಿನ ಸಂಗಡ ಬಮ್ಮಿಗಟ್ಟಿಗೆ ವಾಪಸು ಹೋಯಿತು. ಈಗ ಎಲ್ಲಿದೆಯೋ ಕ್ಲಬ್ಬಿಗೆ ಗೊತ್ತಿಲ್ಲ, ಹೆಂಗಸರಿಗೆ ಗೊತ್ತಿದೆ.

ಮರುದಿನ ಬೆಳಿಗ್ಗೆ ಗೌರಕ್ಕನಿಗೆ ಬಗ್ಗಲು ಬರಲಿಲ್ಲ. ಹಾಗೆಯೇ ಕಟ್ಟೆಯ ಮೇಲೆ ಕೂತು, ಹೋಗಿಬರುವವರಿಗೆಲ್ಲ, “ಹೆಸರಿಟ್ಟು ಬಂದೇನ್ರಿ, ಬೆನ್ನ ಮುರದಾರ,” ಎಂದು ಹೇಳುತ್ತಿದ್ದಳು. ನಾನು ಔಡಲೆಣ್ಣೆ ಬೆಚ್ಚಗೆ ಮಾಡಿ ಒಯ್ದೆ. ಅವಳು ಬೆನ್ನು ಕೊಟ್ಟು ಕೂತಳು. ನಾನು ತಿಕ್ಕತೊಡಗಿದಾಗ ಅಂದಳು:

“ಸಾವಿತ್ರಿ, ಸಾವಕಾಶ ತಿಕ್ಕ. ನೋವು ಪೂರಾ ಹೋಗೋಹಂಗ ತಿಕ್ಕಬ್ಯಾಡ.”