ಕರೆ ಬೇಡವೆಂದ ಮನೆ

"ಮಗಾ?"

ಕಿವಿಗೆ ಬಿದ್ದ ಆ ಒಂದೇ ಮಾತಿಗೆ ಗುಬ್ಬಿ ತಲೆಯೆತ್ತಿದಳು. ಕಂಪ್ಯೂಟರಿನ ಪರದೆ ನೋಡಿದಳು. ಹೋದ ವಾರದ ಅದೇ ಮನೆಯ ನಂಬರು.

ನೀರಿನ ಫಿಲ್ಟರ್ ಮಾರುವ ಆ ಕಚೇರಿಯಲ್ಲಿ ಯಾರಿಗೆ ಫೋನ್ ಮಾಡಬೇಕೆಂದು ಹುಡುಗಿಯರು ಆರಿಸುವಂತಿರಲಿಲ್ಲ. ಕಂಪ್ಯೂಟರು ತಾನೇ ನಂಬರು ಒತ್ತುತ್ತಿತ್ತು. ಆ ಕಡೆಯವರು ಎತ್ತಿದರೆ ಹೆಡ್‌ಫೋನಿನಲ್ಲಿ ದನಿ ಕೇಳುತ್ತಿತ್ತು. ಬೇಡವೆಂದವರನ್ನು 'ಕರೆ ಬೇಡ' ಪಟ್ಟಿಗೆ ಸೇರಿಸಬೇಕು, ಮತ್ತೆ ಕರೆಯಬಾರದು, ಅದು ಕಾನೂನು. ಹೋದ ವಾರ ಈ ಮನೆಯ ಸೊಸೆ ಬೈದಿರಲಿಲ್ಲ, ಬೇಡಿಕೊಂಡಿದ್ದಳು. "ನಮ್ಮ ಮೈದುನ ಮನೆಬಿಟ್ಟು ಹೋಗಿದಾನೆ ಕಣ್ರೀ. ಫೋನ್ ಬಡ್ಕೊಂಡ್ರೆ ಸಾಕು, ನಮ್ಮತ್ತೆ ಎದ್ದುಬಿದ್ದು ಓಡ್ತಾರೆ. ಮೊನ್ನೆ ಹೊಸಿಲು ಎಡವಿ ಕೈ ಮುರ್ಕೊಂಡ್ರು. ದಯವಿಟ್ಟು ಮಾಡ್ಬೇಡಿ." ಗುಬ್ಬಿ ಆಗಲೇ ಆ ನಂಬರಿಗೆ 'ಕರೆ ಬೇಡ' ಗುರುತು ಹಾಕಿದ್ದಳು. ಈಗ ಆ ಗುರುತು ಇರಲಿಲ್ಲ.

"ಮಾತಾಡೋ. ನಾನೇನೂ ಅನ್ನಲ್ಲ."

ಸುಮ್ಮನೆ ಇಟ್ಟುಬಿಟ್ಟರೆ, ಮಗನೇ ಮಾತಾಡದೆ ಇಟ್ಟನೆಂದು ಆ ಜೀವ ಕೊರಗೀತು.

"ಅಮ್ಮಾ, ನಾನು ನಿಮ್ಮ ಮಗ ಅಲ್ಲ. ಫಿಲ್ಟರ್ ಕಂಪನಿಯವಳು. ತಪ್ಪಾಗಿ ಬಂದ್ಬಿಡ್ತು, ಇನ್ಮೇಲೆ ಬರಲ್ಲ."

ಆ ಕಡೆ ಏದುಸಿರು. "ಬರಲ್ಲ ಅನ್ಬೇಡ ತಾಯಿ. ನೀನಾದ್ರೂ ಮಾಡ್ತಿರು. ಫೋನು ಕೆಟ್ಟಿಲ್ಲ ಅಂತಾದ್ರೂ ಗೊತ್ತಾಗುತ್ತೆ."

"ಅತ್ತೆ, ಕೊಡಿ ಇಲ್ಲಿ!" ಎಂಬ ಕೂಗಿನೊಂದಿಗೆ ಕರೆ ಕಟ್ಟಾಯಿತು.

ಗುಬ್ಬಿ ಮತ್ತೆ ಗುರುತು ಹಾಕಿದಳು. ತನ್ನ ಹೆಡ್‌ಫೋನಿನಲ್ಲಿ ಕರೆ ಆಲಿಸುತ್ತ ಬೆನ್ನ ಹಿಂದೆ ನಿಂತಿದ್ದ ಸೂಪರ್‌ವೈಸರ್ ಬಗ್ಗಿ ಮೌಸ್ ಹಿಡಿದು ಅದನ್ನು ತೆಗೆದುಹಾಕಿದ.

"ಹೋದ ಸಲಾನೂ ನೀವೇನಾ ಸಾರ್ ತೆಗ್ದಿದ್ದು?"

"ಮತ್ತೆ? ಬೇಡ ಅಂದೋರನ್ನೆಲ್ಲ ಬಿಟ್ರೆ ಗೋಡೆಗೆ ಮಾರೋದಾ? ಅಜ್ಜಿನೇ ಮಾಡ್ತಿರು ಅಂದ್ರಲ್ಲ, ಒಪ್ಪಿಗೆ ರೆಕಾರ್ಡ್ ಆಗಿದೆ. ನಾಳೆ ಮತ್ತೆ ಕರೆ ಹೋದಾಗ ಫಿಲ್ಟರ್ ವಿಷಯ ತೆಗಿ."

"ಅವರು ಒಪ್ಪಿದ್ದು ಫಿಲ್ಟರಿಗಲ್ಲ ಸಾರ್."

"ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ನೆನಪಿರ್ಲಿ."

ನೆನಪಿತ್ತು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಕೆಲಸ ಸಿಕ್ಕಿತೆಂದು ಅಪ್ಪ ಓಣಿಗೆಲ್ಲ ಹೇಳಿಕೊಂಡು ಬಂದಿದ್ದ. ಎದ್ದಳು, ಕೂತಳು, ಮತ್ತೆ ಎದ್ದಳು. ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟು, ಚೀಲದಿಂದ ತನ್ನ ಮೊಬೈಲು ತೆಗೆದು, ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದ, ಬೇಡದ ಕರೆಗಳ ಸರ್ಕಾರಿ ದೂರು ವಿಭಾಗದ ನಂಬರು ಒತ್ತಿದಳು.

"ನಮಸ್ಕಾರ. ಬೇಡ ಅಂದ ಮನೆಗೆ ಮತ್ತೆ ಕರೆ ಹೋಗಿದೆ. ದೂರು ಬರ್ಕೊಳ್ಳಿ."

ಅವಳ ಮೆಲುದನಿಗೇ ಗೆಳತಿಯರು ಗುಬ್ಬಿ ಎಂದು ಹೆಸರಿಟ್ಟಿದ್ದು. ಈಗ ಸಾಲಿಗೆ ಸಾಲೇ ತಿರುಗಿ ನೋಡಿತು.

"ಇಲ್ಲ, ಆ ಕರೆ ನಂಗೆ ಬಂದಿದ್ದಲ್ಲ" ಎಂದಳು. "ನಾನೇ ಮಾಡಿದ್ದು."

ಸೂಪರ್‌ವೈಸರನ ಕೈ ಮೌಸಿನ ಮೇಲೆಯೇ ಇತ್ತು. ಕಂಪ್ಯೂಟರು ಆಗಲೇ ಮುಂದಿನ ನಂಬರಿಗೆ ಹೋಗಿತ್ತು. ಮೇಜಿನ ಮೇಲೆ ಮಗುಚಿಬಿದ್ದ ಹೆಡ್‌ಫೋನಿನೊಳಗಿಂದ ಯಾರದೋ ಸಣ್ಣ ದನಿ "ಹಲೋ? ಹಲೋ? ಯಾರದು?" ಎಂದು ಕೇಳುತ್ತಲೇ ಇತ್ತು.