ಸಾಗವಾನಿ ಗದೆ

"ಏ ದುಶ್ಶಾಸನಾ, ದೂರ ನಿಂದ್ರೋ! ಸೆರಗಿಗೆ ಕೈ ಹಚ್ಚೀಯಂದ್ರ ಇದ ಎಣ್ಣಿ ಸುರೀತೇನಿ ನೋಡು," ಎಂದು ಅನ್ನಪೂರ್ಣಾ ಮಿರ್ಚಿ ಕರಿಯುವ ಝಾರಾ ಎತ್ತಿ ತೋರಿಸಿದಳು. ರಂಗದ ಹಿಂದೆ ಬಯಲಲ್ಲಿ ಹೂಡಿದ ಒಲೆಯ ಸುತ್ತ ಕೂತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು.

ಮುಖಕ್ಕೆ ಕೆಂಪು ಬಳಿದುಕೊಂಡು, ದಪ್ಪ ಮೀಸೆ ಅಂಟಿಸಿಕೊಂಡಿದ್ದ ಸಾತಪ್ಪ ಕೈಮುಗಿದ. "ಸೀರಿ ನೀವ ಇಟಗೋರಿ ವೈನಿ. ನನಗೊಂದು ಕಪ್ ಚಾ ಕೊಡ್ರಿ, ಸಾಕು."

ದಾಂಡೇಲಿಯ ಆ ಕಾಲೊನಿಯಲ್ಲಿ ಇದು ಪ್ರತಿ ವರ್ಷದ ಗದ್ದಲ. ಧಾರವಾಡ, ಬೆಳಗಾವಿ ಕಡೆಯಿಂದ ಕಾಗದದ ಮಿಲ್ಲಿನ ಕೆಲಸಕ್ಕೆ ಬಂದವರು ಊರು ಬಿಟ್ಟರೂ ದೊಡ್ಡಾಟ ಬಿಟ್ಟಿರಲಿಲ್ಲ. ನಾಳೆ ಆಟ; ಇವತ್ತು ಮಧ್ಯಾಹ್ನ ವೇಷ ಕಟ್ಟಿಕೊಂಡೇ ಕೊನೆಯ ತಾಲೀಮು. ಗೆಜ್ಜೆ ಕಟ್ಟಿದ ಮೇಲೆ ಬಿಚ್ಚುವ ತನಕ ಯಾರಿಗೂ ಸ್ವಂತ ಹೆಸರಿಲ್ಲ, ಪಾತ್ರದ ಹೆಸರಷ್ಟೇ. ಹಾಗೆಂದು ಹಿರಿಯರು ಮಾಡಿಟ್ಟ ನೇಮ. ಆಟೋ ಓಡಿಸುವ ಬಡಪಾಯಿ ಸಾತಪ್ಪನಿಗೆ ಗೆಜ್ಜೆ ಬಿಚ್ಚಿದ ಮೇಲೂ ಬಿಡುಗಡೆ ಇರಲಿಲ್ಲ. ಆಟ ಮುಗಿದು ತಿಂಗಳಾದರೂ ಕೆಲವು ಮುದುಕಿಯರು ಅವನ ಆಟೋ ಹತ್ತುತ್ತಿರಲಿಲ್ಲ. ದ್ರೌಪದಿಯ ಸೀರೆ ಎಳೆದವನು ಬಾಡಿಗೆ ಸರಿಯಾಗಿ ತಗೊಂಡಾನೇ?

ಭೀಮನ ಮಾತೇ ಬೇರೆ. ಅನ್ನಪೂರ್ಣಾಳ ಗಂಡ ಮಲಕಪ್ಪ ಮಿಲ್ಲಿನಲ್ಲಿ ಲಾರಿಯಿಂದ ಕಟ್ಟಿಗೆ ಇಳಿಸುವವನು. ಆದರೆ ಗೇಟಿನ ವಾಚಮನ್ ಕೂಡ ಅವನಿಗೆ "ಭೀಮಣ್ಣಾ" ಎಂದೇ ಕೈ ಎತ್ತುತ್ತಿದ್ದ. ಎಲ್ಲರ ಗದೆ ರಟ್ಟಿನದು. ಇವನು ಮಾತ್ರ ಹಳಿಯಾಳದ ಬಡಿಗೇರನಿಗೆ ಹೇಳಿ ಸಾಗವಾನಿಯದೇ ಮಾಡಿಸಿದ್ದ. "ರಟ್ಟಿನ ಗದಿ ಹಿಡದಾಂವ ಎಂಥಾ ಭೀಮರಿ?" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಈಗ ರಂಗದ ಮೇಲೆ ಅವನದೇ ಸರದಿ. ದ್ರೌಪದಿಯಾದ ಕಿರಣಕುಮಾರ ಕೂದಲು ಹರವಿಕೊಂಡು ಕೂತಿದ್ದ. ಮದ್ದಳೆ ಏರುತ್ತಿತ್ತು. ಚಾಪೆಯ ಮೇಲೆ ಕಾಲೊನಿಯ ಮಂದಿ ಕತ್ತು ಉದ್ದ ಮಾಡಿ ನೋಡುತ್ತಿದ್ದರು. "ನಿನ್ನ ಮುಟ್ಟಿದ ಆ ನೀಚನ ತೋಳು ಮುರಿಯದಿದ್ದರೆ ನಾನು ಕುಂತಿಯ ಮಗನೇ ಅಲ್ಲ!" ಎಂದು ಮಲಕಪ್ಪ ಅಬ್ಬರಿಸಿದಾಗ ಅವನ ಮೈಯೇ ನಡುಗಿತು. ಭೀಮ ಬಂದನೆಂದರೆ ಹಾಗೆಯೇ, ಮಲಕಪ್ಪ ಉಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಹೆಂಗಸಿನ ಚೀರಾಟ.

ತಿರುಗಿ ನೋಡಿದ. ಒಲೆಯ ಹತ್ತಿರ ಅನ್ನಪೂರ್ಣಾಳ ಬೆನ್ನು ಕಂಡಿತು. ಸಾತಪ್ಪ ಎರಡೂ ಕೈಯಿಂದ ಅವಳ ಸೀರೆ ಹಿಡಿದು ಎಳೆಯುತ್ತಿದ್ದ. ಅವಳು ಗಿರಗಿರ ತಿರುಗುತ್ತಿದ್ದಳು, ಸೀರೆ ಬಿಚ್ಚಿ ಬಿಚ್ಚಿ ಬರುತ್ತಿತ್ತು.

ಮಲಕಪ್ಪ ಹಾರಿದ. ಗೆಜ್ಜೆ ಝಲ್ಲೆಂದಿತು. ಗದೆ ಎತ್ತಿದ್ದೂ ಗೊತ್ತಿಲ್ಲ, ಇಳಿಸಿದ್ದೂ ಗೊತ್ತಿಲ್ಲ. ಸಾತಪ್ಪನ ತೋಳಿನ ಮೇಲೆ ಬಿದ್ದ ಸದ್ದು ಮಾತ್ರ ಕೇಳಿತು.

"ಭಲೇ ಭೀಮಾ!" ಎಂದು ಚಾಪೆಯ ಮೇಲಿದ್ದವರು ಚಪ್ಪಾಳೆ ಹೊಡೆದರು. ಯಾವನೋ ಸೀಟಿ ಹಾಕಿದ. ಈ ಸಲ ಹೊಸ ನಮೂನಿ ಮಾಡ್ಯಾರ ಎಂದುಕೊಂಡರೋ ಏನೋ!

ಸಾತಪ್ಪ ಕುಸಿದು ಬಿದ್ದ. ಆಗಲೂ ಅವನ ಮುಷ್ಟಿಯಲ್ಲಿ ಸೀರೆ ಇತ್ತು. ಅದು ಉರಿಯುತ್ತಿತ್ತು.

"ಅಯ್ಯ ನಿನ್ನ! ಸೆರಗಿಗೆ ಬೆಂಕಿ ಹತ್ತಿತ್ತೋ ಭೀಮಾ! ಅಕೀನ್ನ ಉಳಸಾಕ ಹತ್ತಿದ್ದೋ ಅಂವಾ!" ಪಕ್ಕದ ಮನೆಯ ಕಾಶೆವ್ವ ಎದೆ ಎದೆ ಬಡಿದುಕೊಂಡಳು. ಸೀಟಿ ನಿಂತಿತು. ಯಾರೋ ಕೊಡ ನೀರು ತಂದು ಸಾತಪ್ಪನ ಕೈಯ ಮೇಲೆ ಸುರಿದರು. ಲಂಗದಲ್ಲಿ ಗಡಗಡ ನಡುಗುತ್ತ ನಿಂತಿದ್ದ ಅನ್ನಪೂರ್ಣಾಳಿಗೆ, ದ್ರೌಪದಿಯ ಸೀರೆ ಸರಸರ ಬಿಚ್ಚಿ ಚಡ್ಡಿಯಲ್ಲೇ ಓಡಿಬಂದ ಕಿರಣಕುಮಾರ ಹೊದಿಸಿದ. ಮಲಕಪ್ಪ ಬಾಯಿ ತೆರೆದುಕೊಂಡು ನಿಂತೇ ಇದ್ದ. ಎಂಥ ಕೆಲಸ ಮಾಡಿದೆ, ದೇವರೇ, ಎಂಥ ಕೆಲಸ ಮಾಡಿದೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ದವಾಖಾನೆಯಲ್ಲಿ ಡಾಕ್ಟರು ಬಣ್ಣದ ಮುಖಗಳನ್ನು ಒಂದೊಂದಾಗಿ ನೋಡಿದರು. "ಅಂಗೈ ಸುಟ್ಟಾವ, ತೋಳಿನ ಎಲುಬು ಮುರದೈತಿ. ಎರಡೂ ಒಂದ ಸಲಕ್ಕ ಹೆಂಗ?"

"ಬಿದ್ನಿರಿ," ಎಂದ ಸಾತಪ್ಪ, ಹಲ್ಲು ಕಚ್ಚಿಕೊಂಡು. "ಬೆಂಕಿ ಆರಸೂ ಮುಂದ ಕಾಲು ಜಾರಿತ್ರಿ."

ಡಾಕ್ಟರು ಮಲಕಪ್ಪನ ಕಡೆ ತಿರುಗಿದರು. ಸಾವಿರ ಮಂದಿಗೆ ಮೈಕಿಲ್ಲದೆ ಕೇಳಿಸುವ ಗಂಟಲು ಅವನದು. ನಾನೇ ಹೊಡೆದೆ ಎಂಬ ಎರಡು ಮಾತು ಅದರಿಂದ ಹೊರಡಲಿಲ್ಲ. ಪೊಲೀಸರು, ನೌಕರಿ, ಕಾಲೊನಿಯ ಮಂದಿ, ಎಲ್ಲ ಕಣ್ಣ ಮುಂದೆ ಬಂತು. ಅವನು ನೆಲ ನೋಡಿದ.

"ಸುಳ್ಳರಿ ಸಾಹೇಬ್ರ," ಎಂದಳು ಅನ್ನಪೂರ್ಣಾ. ಅವಳ ಸೊಂಟಕ್ಕೆ, ಮೊಣಕೈಗೆ ಮುಲಾಮು ಹಚ್ಚಿದ್ದರು. "ನಮ್ಮ ಮನಿಯವರು ಹೊಡದ್ರು. ಸಾತಪ್ಪಣ್ಣ ನನ್ನ ಜೀವಾ ಉಳಸಾಕ ಹತ್ತಿದ್ದ, ಇವರು ಗದಿ ತಗೊಂಡು ಹೊಡದ್ರು."

ಡಾಕ್ಟರು ಬರೆದುಕೊಂಡು ಹೊರಗೆ ಹೋದರು.

"ಹಿಂದಿಂದ ನೋಡಿದೆ, ಅನ್ನಪೂರ್ಣಾ," ಮಲಕಪ್ಪನ ದನಿ ಒಡೆಯಿತು. "ನಿನ್ನ ಮಾನಾ ಹೊಂಟೈತಿ ಅಂದ್ಕೊಂಡೆ. ಬೆಂಕಿ ಕಾಣ್ಲಿಲ್ಲ, ನಿನ್ನಾಣಿ."

"ಬೆಂಕಿ ಬೆಂಕಿ ಅಂತ ಹೊಯ್ಕೊಂಡ್ನಲ್ಲರಿ. ಚಾಪಿ ಮ್ಯಾಲಿನವರಿಗೆ ಕೇಳಿರಾಕಿಲ್ಲ, ಆ ಮದ್ದಳಿ ಗದ್ದಲದಾಗ. ನೀವು ಮಗ್ಗಲಕ್ಕ ಬಂದು ನಿಂತಿದ್ರಿ." ಅವಳು ಅವನ ಬಣ್ಣದ ಮುಖವನ್ನು ನೆಟ್ಟಗೆ ನೋಡಿದಳು. "ನೀವು ನನ್ನ ನೋಡ್ಲೇ ಇಲ್ಲ. ಬರೇ ಸೀರಿ ನೋಡಿದ್ರಿ."

ಅಷ್ಟರಲ್ಲಿ ಕಾಶೆವ್ವ ಹೊರಗಿನಿಂದ ಚಹಾ ತಂದಳು. ಮಂಚದ ಮೇಲೆ ಮಲಗಿದ್ದ ಸಾತಪ್ಪನ ಎರಡೂ ಅಂಗೈಗೆ ಪಟ್ಟಿ. ಮಲಕಪ್ಪ ಬಸಿಗೆ ಚಹಾ ಸುರುವಿ ಅವನ ಬಾಯಿಯ ಹತ್ತಿರ ಹಿಡಿದ. ಬಸಿ ವಾಲಿ ಅರ್ಧ ಚಹಾ ಸಾತಪ್ಪನ ಎದೆಯ ಮೇಲೆ ಚೆಲ್ಲಿತು.

"ಇರ್ಲಿ ಬಿಡೋ ಮಲಕಪ್ಪಾ," ಎಂದ ಸಾತಪ್ಪ.

ಅನ್ನಪೂರ್ಣಾ ಎದ್ದು ಬಂದಳು. ಗಂಡನ ಕೈಯಿಂದ ಬಸಿ ತೆಗೆದುಕೊಂಡಳು. ಚಹಾ ಊದಿ ಆರಿಸಿ, ಸಾತಪ್ಪನ ತಲೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಗುಟುಕು ಗುಟುಕಾಗಿ ಕುಡಿಸತೊಡಗಿದಳು. ಮಲಕಪ್ಪ ಖಾಲಿ ಕೈ ಮುಂದೆ ಚಾಚಿಕೊಂಡೇ ನಿಂತಿದ್ದ.