ಏಳನೆಯ ಪ್ರಶ್ನೆಗೆ ಹತ್ತೊಂಬತ್ತು ಉತ್ತರ

ಹತ್ತೊಂಬತ್ತು ಮಕ್ಕಳು ಒಂದೇ ತಪ್ಪನ್ನು ಬರೆದಿದ್ದರು. ಒಂದೇ ಸರಿಯುತ್ತರವನ್ನು ಬರೆದಿದ್ದರೆ ಪಾಠದ ಫಲವೆಂದು ಹಿಗ್ಗಬಹುದಿತ್ತು. ಒಂದೇ ತಪ್ಪಿಗೆ ಬೇರೆ ಹೆಸರಿದೆ. ಆ ಹೆಸರನ್ನು ಮೌಲ್ಯಮಾಪಕರು ಉತ್ತರಪತ್ರಿಕೆಗಳ ಕಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದೇ ಕಳುಹಿಸಿದ್ದರು: ‘ಸಾಮೂಹಿಕ ನಕಲು. ವರದಿ ಕೊಡಿ.’

ಸುಂಟಿಕೊಪ್ಪದಿಂದ ಮೂರು ಕಿಲೋಮೀಟರ್ ಒಳಗಿರುವ ಆ ಪ್ರೌಢಶಾಲೆಗೆ ನಾನು ಬಂದು ಏಳು ತಿಂಗಳಾಗಿತ್ತು. ಮಕ್ಕಳಿಗೆ ಓದು ಕಲಿಸುವ ಒಂದು ಸಂಸ್ಥೆ, ಒಂಬತ್ತನೆಯ ತರಗತಿಗೆ ದಿನಕ್ಕೊಂದು ಗಂಟೆ ‘ಓದಿನ ಪಾಠ’ ನಡೆಸಲು ನನ್ನನ್ನು ಕಳುಹಿಸಿತ್ತು. ಹಲವು ಊರು ಸುತ್ತಿದವನು ನಾನು. ಓದಲು ಕಲಿತದ್ದು ಬಸ್ ನಿಲ್ದಾಣಗಳ ಬಾಡಿಗೆ ಕಾದಂಬರಿಗಳಿಂದ. ಅವುಗಳಲ್ಲಿ ಹೆಚ್ಚಿನವು ಪತ್ತೇದಾರಿ, ಹೆಚ್ಚಿನವುಗಳಿಗೆ ಕೊನೆಯ ಪುಟಗಳೇ ಇರುತ್ತಿರಲಿಲ್ಲ. ಕೊಲೆಗಾರನನ್ನು ನಾನೇ ಹುಡುಕಿಕೊಳ್ಳಬೇಕಾಗುತ್ತಿತ್ತು. ಅದನ್ನೇ ನಾನು ಪಾಠದ ಕ್ರಮವಾಗಿ ಮಾಡಿಕೊಂಡೆ. ಕಥೆಯ ಕೊನೆಯ ಪುಟಗಳಿಗೆ ಪಿನ್ ಹೊಡೆದು ಕೊಡುತ್ತಿದ್ದೆ. ಮುಂದೇನಾಯಿತೆಂದು ಹೇಳುವವರು ಯಾರೇ ಆಗಲಿ, ಅದಕ್ಕೆ ಆಧಾರವಾದ ಸಾಲನ್ನು ತೋರಿಸಬೇಕು.

“ಕೊಂದದ್ದು ಅಡುಗೆಯವನೇ ಸಾರ್,” ಎಂದಿದ್ದ ಸುನಿಲ್, ಮೊದಲ ವಾರ.

“ಸಾಲು ತೋರಿಸು.”

“ಸಾಲೆಲ್ಲ ಇಲ್ಲ ಸಾರ್. ಅವನ ಮೀಸೆ ಸರಿ ಇಲ್ಲ.”

“ನಿನ್ನ ಅಪ್ಪನಿಗೂ ಮೀಸೆ ಉಂಟಲ್ಲ,” ಎಂದಳು ಹಿಂದಿನ ಬೆಂಚಿನ ಪವಿತ್ರಾ. ತರಗತಿಯೆಲ್ಲ ನಕ್ಕಿತು. ಅವಳು ನಗದೆ ಎದ್ದು ನಿಂತಳು. “ಸಾರ್, ಇಪ್ಪತ್ತೆರಡನೇ ಪುಟದಲ್ಲಿ ಮಳೆ ನಿಂತು ಎರಡು ದಿನ ಆಯ್ತು ಅಂತ ಉಂಟು. ಮತ್ತೆ ಡ್ರೈವರ್‌ನ ಕೊಡೆ ಎಂತಕ್ಕೆ ಒದ್ದೆ?”

ಆ ಕಾದಂಬರಿಯನ್ನು ನಾನು ಎರಡು ಬಾರಿ ಓದಿದ್ದೆ. ಆ ಕೊಡೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಜನವರಿಯಲ್ಲಿ ಸಂಸ್ಥೆಯವರು ಪರೀಕ್ಷೆ ನಡೆಸಿದರು. ಮಕ್ಕಳು ಹಿಂದೆಂದೂ ಕಾಣದ ಒಂದು ಗದ್ಯಭಾಗ, ಅದರ ಕೆಳಗೆ ಹತ್ತು ಪ್ರಶ್ನೆ, ಒಂದೊಂದಕ್ಕೂ ಒಂದೇ ಸಾಲಿನ ಉತ್ತರ. ಗದ್ಯದ ಮಧ್ಯಭಾಗ ಹೀಗಿತ್ತು:

‘ಅಜ್ಜಿ ಅಕ್ಕಿ ಕೇರುತ್ತಿದ್ದಳು. ಗುಡ್ಡದಾಚೆ ಗುಂಡಿನ ಸದ್ದು ಕೇಳಿತು. ಅದರ ಬೆನ್ನಿಗೇ ಇನ್ನೊಂದು. ಅಜ್ಜಿ ಮೊರವನ್ನು ಕೆಳಗಿಟ್ಟು ಆ ದಿಕ್ಕಿಗೆ ನೋಡಿದಳು. ಅಪ್ಪ ಬಡಿಸಿಕೊಂಡಿದ್ದ ಅನ್ನವನ್ನು ಬಿಟ್ಟು, ಕೈತೊಳೆದು, ಕತ್ತಿ ತೆಗೆದುಕೊಂಡು ಹೊರಟ.’

ಏಳನೆಯ ಪ್ರಶ್ನೆ: ಅಪ್ಪ ಊಟ ಬಿಟ್ಟು ಹೊರಟದ್ದೇಕೆ?

‘ತೋಟಕ್ಕೆ ನುಗ್ಗಿದ ಕಾಡುಹಂದಿಯನ್ನು ಓಡಿಸಲು’ ಎಂಬುದು ಸಂಸ್ಥೆಯವರ ಮಾದರಿ ಉತ್ತರ. ಪರೀಕ್ಷೆಯ ಕೊಠಡಿಯಲ್ಲಿ ನಿಂತು ನಾನು ಊಹಿಸಿದ್ದೂ ಅದನ್ನೇ. ಈ ಏಳು ತಿಂಗಳಲ್ಲಿ ಆನೆ ಓಡಿಸುವ ಪಟಾಕಿ, ಹಂದಿ ಬೆದರಿಸುವ ಗುಂಡು ಎಷ್ಟು ಕೇಳಿರಲಿಲ್ಲ! ಆದರೆ ಹತ್ತೊಂಬತ್ತು ಮಕ್ಕಳು ಬರೆದದ್ದು: ‘ಆ ಕಡೆ ಮನೆಯಲ್ಲಿ ಸಾವಾಗಿದೆ.’

ಸಾವು! ಗದ್ಯದಲ್ಲಿ ಕಾಯಿಲೆಯಿಲ್ಲ, ಅಳುವಿಲ್ಲ, ಹೆಣವಿಲ್ಲ. ಇಲ್ಲದ ಸಾವನ್ನು ಒಬ್ಬ ಊಹಿಸಬಹುದು. ಹತ್ತೊಂಬತ್ತು ಮಂದಿ ಒಟ್ಟಿಗೆ ಊಹಿಸುವುದುಂಟೆ?

ನಾನು ಪತ್ತೇದಾರನಾದೆ. ಮಕ್ಕಳು ಕುಳಿತಿದ್ದ ಸ್ಥಳಗಳ ನಕ್ಷೆ ಬರೆದೆ. ಪವಿತ್ರಾ ಒಂದು ಕೊಠಡಿಯಲ್ಲಿ, ಸುನಿಲ್ ಇನ್ನೊಂದರಲ್ಲಿ. ಅಂದರೆ ಉತ್ತರ ಪರೀಕ್ಷೆಗೆ ಮೊದಲೇ ಹಂಚಿಕೆಯಾಗಿರಬೇಕು. ಒಬ್ಬೊಬ್ಬರನ್ನೇ ಕರೆದು ಒಂದೇ ಪ್ರಶ್ನೆ ಕೇಳಿದೆ: “ಯಾರು ಹೇಳಿಕೊಟ್ಟರು?”

“ಯಾರೂ ಇಲ್ಲ ಸಾರ್. ಗೊತ್ತಿತ್ತು,” ಎಂದ ಸುನಿಲ್.

ಅದನ್ನು ತಪ್ಪೊಪ್ಪಿಗೆಯೆಂದು ಬರೆದುಕೊಂಡೆ. ಪವಿತ್ರಾ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಒಂದು ಮಾತೂ ಆಡಲಿಲ್ಲ. ಅದನ್ನೂ ಬರೆದುಕೊಂಡೆ.

ಮುಖ್ಯೋಪಾಧ್ಯಾಯ ಕಲ್ಲೇಶಪ್ಪನವರು ಶಿರಂಗಾಲದವರು. ಹುಟ್ಟಿ ಬೆಳೆದದ್ದೆಲ್ಲ ಈ ಜಿಲ್ಲೆಯಲ್ಲೇ. ನನ್ನ ಎರಡು ಪುಟದ ವರದಿಯ ಕೆಳಗೆ ರುಜು ಹಾಕುತ್ತ, “ಕಾಪಿ ಹೊಡೆಯೋದೇ ಆದ್ರೆ ಸರಿ ಉತ್ತರಾನಾದ್ರೂ ಹೊಡೀಬಾರದೇನ್ರೀ ಇವು!” ಎಂದು ಹಣೆ ಚಚ್ಚಿಕೊಂಡರು. ಬೆಳಿಗ್ಗೆ ಹನ್ನೊಂದಕ್ಕೆ ಅದರ ಫೋಟೋ ತೆಗೆದು ಸಂಸ್ಥೆಗೆ ಕಳುಹಿಸಿಯೂ ಬಿಟ್ಟರು.

ಮಧ್ಯಾಹ್ನ ಪವಿತ್ರಾಳ ತಾಯಿ ಮುದ್ದಿ ಬಂದಳು. ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಜೋರಾಗಿದ್ದ ಕಾಲ. ಅರ್ಧ ದಿನದ ಕೆಲಸ ಬಿಟ್ಟು ನೇರವಾಗಿ ಬಂದಿದ್ದಳು. ತಲೆಗೆ ಕಟ್ಟಿದ ಬಟ್ಟೆ ಹಾಗೆಯೇ ಇತ್ತು, ಬೆರಳುಗಳು ಹಣ್ಣಿನ ರಸಕ್ಕೆ ಕಪ್ಪಾಗಿದ್ದವು. ಮಗಳನ್ನು ಮುಂದಕ್ಕೆ ನೂಕಿ ಬಾಗಿಲಲ್ಲೇ ನಿಂತಳು.

“ನನ್ನ ಮಗಳು ಕದ್ದು ಬರ್ದಳಂತೆ, ಹೌದಾ ಸಾರ್?”

“ಕೂತ್ಕೋ ಮುದ್ದಮ್ಮ,” ಎಂದರು ಕಲ್ಲೇಶಪ್ಪನವರು.

“ಕೂರೋದು ಬೇಡ ಸಾರ್. ಲೈನ್ ಮನೆಗಳಲ್ಲಿ ಎಲ್ಲ ಕೇಳ್ತಾರೆ. ನಾವು ಬಡವರು, ಆದ್ರೆ ಬಿದ್ದ ಒಂದು ಕಿತ್ತಳೆ ಹಣ್ಣನ್ನೂ ಕೇಳದೆ ಎತ್ತಿದವರಲ್ಲ. ಕದಿಯೋದು ಕಲಿಸೋ ಇಸ್ಕೂಲು ನಮಗೆ ಎಂತಕ್ಕೆ? ನಾಳೆಯಿಂದ ಇವಳು ನನ್ನ ಜೊತೆ ಪಿಕ್ಕಿಂಗಿಗೆ ಬರ್ತಾಳೆ. ಹಾಜರಿ ಬರೆಯೋ ರೈಟರ್‌ಗೆ ಹೇಳಿಯಾಯ್ತು.”

ಹದಿನಾಲ್ಕು ವರ್ಷದ ಹುಡುಗಿ. ಆ ಒದ್ದೆ ಕೊಡೆಯನ್ನು ಕಂಡ ಹುಡುಗಿ. ಶಾಲೆ ಬಿಡಿಸಬೇಡವೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಾತನಾಡಿದಳು.

“ಸಾರ್, ನಾವು ನೋಡಿ ಬರ್ದದ್ದು ಅಂತ ನೀವು ಬರ್ದಿದ್ದೀರಲ್ಲ. ಸಾಲು ತೋರಿಸಿ.”

“ಏ, ಮೇಷ್ಟ್ರಿಗೆ ಹಾಗೆಲ್ಲ…” ಎಂದಳು ಮುದ್ದಿ.

ನಾನು ಹತ್ತೊಂಬತ್ತು ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿದೆ. “ಇದೇ ಸಾಲು ಪವಿತ್ರಾ. ಹತ್ತೊಂಬತ್ತು ಸಲ ಇದೆ.”

ಆಗ ಗುಡ್ಡದಾಚೆ ಗುಂಡಿನ ಸದ್ದು ಕೇಳಿತು. ಅದರ ಬೆನ್ನಿಗೇ ಇನ್ನೊಂದು.

ಹಂದಿಯಿರಬೇಕೆಂದುಕೊಂಡು ಮೂರನೆಯದಕ್ಕೆ ಕಾದೆ. ಮೂರನೆಯದು ಬರಲಿಲ್ಲ.

ಮುದ್ದಿ ತಲೆಯ ಬಟ್ಟೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ಆ ದಿಕ್ಕಿಗೆ ತಿರುಗಿದಳು. ಕಲ್ಲೇಶಪ್ಪನವರು ಕುರ್ಚಿಯಿಂದೆದ್ದರು. ಕಿಟಕಿಯಾಚೆ ಮೈದಾನದಲ್ಲಿ ಕಬಡ್ಡಿ ಆಡುತ್ತಿದ್ದ ಮಕ್ಕಳು ನಿಂತುಬಿಟ್ಟಿದ್ದರು. ಸುನಿಲ್ ಹಿಡಿದಿದ್ದ ಹುಡುಗನ ಕಾಲನ್ನು ಬಿಟ್ಟು ಅದೇ ಕಡೆಗೆ ನೋಡುತ್ತಿದ್ದ. ಎಸ್ಟೇಟಿನೊಳಗೆ ಅಷ್ಟು ಹೊತ್ತು ಕೇಳುತ್ತಿದ್ದ ಪಿಕ್ಕಿಂಗ್ ಹೆಂಗಸರ ಮಾತು, ನಗು ಎಲ್ಲ ನಿಂತಿತ್ತು.

“ಎಸ್ಟೇಟ್ ಧಣಿಗಳ ದೊಡ್ಡಮನೆ ಕಡೆಯಿಂದ,” ಎಂದಳು ಮುದ್ದಿ, ತಗ್ಗಿದ ದನಿಯಲ್ಲಿ. “ಅಜ್ಜಯ್ಯ ಹೋದ್ರು ಅಂತ ಕಾಣ್ತದೆ. ಮೂರು ದಿನದಿಂದ ಗಂಜಿ ಕೂಡ ಇಳೀತಿರ್ಲಿಲ್ಲ.”

“ಯಾರು ಹೇಳಿದರು?” ಎಂದೆ. ಪರೀಕ್ಷೆಯ ನಂತರ ಮಕ್ಕಳಿಗೆ ಹತ್ತೊಂಬತ್ತು ಬಾರಿ ಕೇಳಿದ ಅದೇ ಪ್ರಶ್ನೆ!

ಮುದ್ದಿ ನನ್ನನ್ನು ಎಳೆಯ ಮಗುವನ್ನು ನೋಡುವಂತೆ ನೋಡಿದಳು. “ಕೇಳ್ಲಿಲ್ವಾ ಸಾರ್? ಎರಡು ಹೊಡೆದ್ರಲ್ಲ.”

“ಕೊಡವರ ಮನೇಲಿ ಸಾವಾದ್ರೆ ಜೋಡಿ ಗುಂಡು ಹೊಡೀತಾರೆ ಕಣ್ರೀ,” ಎಂದರು ಕಲ್ಲೇಶಪ್ಪನವರು. “ಗಂಡು ಮಗು ಹುಟ್ಟಿದ್ರೆ ಒಂದು. ಯಾರಾದ್ರೂ ಸತ್ರೆ ಎರಡು. ಸುತ್ತಲಿನವರು ಕೈಲಿದ್ದ ಕೆಲಸ ಬಿಟ್ಟು ಹೋಗ್ತಾರೆ, ಸೌದೆ ಕಡಿಯೋಕೆ, ಚಪ್ಪರ ಹಾಕೋಕೆ. ಇಷ್ಟೂ ತಿಳೀದಾ ನಿಮಗೆ?”

ನಾನು ಪ್ರಶ್ನೆಪತ್ರಿಕೆಯನ್ನು ಅವರ ಮುಂದಿಟ್ಟು ಬೆರಳಿನಿಂದ ಸಾಲನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಕತ್ತಿಯ ತನಕ ಬಂದು ನಿಂತರು. ಕನ್ನಡಕ ತೆಗೆದಿಟ್ಟರು.

“ಅಯ್ಯೋ ಶಿವನೇ. ನಾನು ಇದನ್ನ ಓದೇ ಇರಲಿಲ್ಲ ಕಣ್ರೀ. ನಿಮ್ಮ ವರದಿ ಮಾತ್ರ ಓದಿದ್ದೆ.”

ತಿಳಿದವರು ಓದಿರಲಿಲ್ಲ, ಓದಿದವನಿಗೆ ತಿಳಿದಿರಲಿಲ್ಲ. ಓದಿ, ತಿಳಿದು, ಒಂದು ಸಾಲಿನಲ್ಲಿ ಸರಿಯಾಗಿ ಬರೆದವರು ಹತ್ತೊಂಬತ್ತು ಮಕ್ಕಳು. ಅವರನ್ನು ಕಳ್ಳರೆಂದು ಬರೆದ ಕಾಗದ ಹನ್ನೊಂದು ಗಂಟೆಗೇ ಊರು ದಾಟಿತ್ತು. ಏಳು ತಿಂಗಳು ಸಾಲು ತೋರಿಸಿ ಎಂದು ಹೇಳಿಸಿಕೊಂಡ ಮಕ್ಕಳಿಗೆ, ಹೇಳಬೇಕಾದ ಒಂದೇ ಒಂದು ದಿನ ನಾನು ಅದನ್ನು ಹೇಳಿರಲಿಲ್ಲ. ಹೇಳಿದ್ದರೆ ಯಾವ ಮಗುವಾದರೂ ಆ ಎರಡು ಸದ್ದಿನ ಮೇಲೆ ಬೆರಳಿಡುತ್ತಿತ್ತು.

“ಪವಿತ್ರಾ, ಆ ದಿನವೇ ಯಾಕಮ್ಮ ಹೇಳಲಿಲ್ಲ?”

“ನೀವು ಕೇಳಿದ್ದು ಯಾರು ಹೇಳಿಕೊಟ್ಟರು ಅಂತ ಮಾತ್ರ ಸಾರ್.”

ಮುದ್ದಿಗೆ ಸಾವಿನ ಮನೆ ಕಾದಿತ್ತು. ನನ್ನ ಕಡೆಗೆ ತಿರುಗದೆ ಮಗಳ ಕೈಹಿಡಿದು ಹೊರಟುಹೋದಳು. ನಾಳೆಯ ಪಿಕ್ಕಿಂಗಿನ ಮಾತನ್ನು ಅವಳು ಹಿಂತೆಗೆದುಕೊಂಡಿರಲಿಲ್ಲ.

ಅಂದೇ ಇನ್ನೊಂದು ಪತ್ರ ಬರೆದು ಮರುದಿನ ಬೆಳಿಗ್ಗೆ ಎಸ್ಟೇಟಿನ ಲೈನ್ ಮನೆಗಳ ಕಡೆಗೆ ನಡೆದೆ. ಸಾವಿನ ಕಾರಣ ಕೆಲಸಕ್ಕೆ ರಜೆಯಿತ್ತು. ಬಾಗಿಲ ಮುಂದಿನ ಕಲ್ಲಿನ ಮೇಲೆ ಮುದ್ದಿ ಕುಳಿತಿದ್ದಳು. ಪಕ್ಕದಲ್ಲಿ ಮಗಳಿಗಾಗಿ ತೊಳೆದಿಟ್ಟ ಹೊಸ ಪಿಕ್ಕಿಂಗ್ ಚೀಲ ಬಿಸಿಲಿಗೆ ಹರಡಿತ್ತು.

“ಇದನ್ನು ಕಳುಹಿಸುವ ಮೊದಲು ನಿಮ್ಮೆದುರು ಓದಬೇಕೆಂದು ಬಂದೆ,” ಎಂದು ಪತ್ರವನ್ನು ಒಳಗಿನಿಂದ ಬಂದ ಪವಿತ್ರಾಳಿಗೆ ಕೊಟ್ಟೆ.

ಅವಳು ಗಟ್ಟಿಯಾಗಿ ಓದಿದಳು. ವರದಿ ತಪ್ಪೆಂದು, ಮಕ್ಕಳನ್ನು ವಿಚಾರಿಸಿದ ರೀತಿಯೂ ತಪ್ಪೆಂದು ಬರೆದಿದ್ದೆ. ಕಾಡುಹಂದಿಯ ಮಾದರಿ ಉತ್ತರವನ್ನು ಉಲ್ಲೇಖಿಸಿ ಜೋಡಿ ಗುಂಡಿನ ರೂಢಿಯನ್ನು ವಿವರಿಸಿದ್ದೆ. ಕೊನೆಯ ವಾಕ್ಯಕ್ಕೆ ಬಂದವಳು ನಿಂತಳು. “‘ಆದ್ದರಿಂದ ಮಕ್ಕಳ ಉತ್ತರವೂ ಸರಿಯಿರಬಹುದು.’ ಇದೆಂತ ಸಾರ್? ‘ಇರಬಹುದು’ ಅಂದ್ರೆ? ಉತ್ತರ‘ವೂ’ ಅಂದ್ರೆ? ಹಂದಿಗೆ ಎಲ್ಲುಂಟು ಸಾಲು?”

ನಾನು ಪತ್ರವನ್ನು ಹಿಂದಕ್ಕೆ ಪಡೆದು ಗದ್ಯಭಾಗವನ್ನು ನೆನಪಿನಲ್ಲೇ ಮೇಲಿನಿಂದ ಕೆಳಗೆ ಓದಿದೆ. ಹಂದಿಗೆ ಒಂದೇ ಒಂದು ಸಾಲಿರಲಿಲ್ಲ. ಕಲ್ಲಿನ ಮೇಲೆ ಕಾಗದವಿಟ್ಟು ಕೊನೆಯ ವಾಕ್ಯವನ್ನು ಹೊಡೆದುಹಾಕಿ ಬರೆದೆ: ‘ಮಕ್ಕಳ ಉತ್ತರವೇ ಸರಿ. ಮಾದರಿ ಉತ್ತರ ತಪ್ಪು.’ ಅದರ ಕೆಳಗೆ ರುಜು ಹಾಕಿದೆ.

ಮುದ್ದಿ ಓದಲು ಬಾರದವಳು. ಆ ಕಾಗದವನ್ನು ಕೈಗೆ ತೆಗೆದುಕೊಂಡು, ಹೊಡೆದುಹಾಕಿದ ಗೆರೆಯನ್ನೂ ಅದರ ಕೆಳಗಿನ ಹೊಸ ಸಾಲನ್ನೂ ಬಹಳ ಹೊತ್ತು ನೋಡಿದಳು.

“ಇದು ನೀವು ತಪ್ಪು ಮಾಡಿದ್ದಾ?”

“ಹೌದು.”

“ಇದು ಅವಳು ತಿದ್ದಿಸಿದ್ದಾ?”

“ಹೌದು.”

ಅವಳು ಕಾಗದವನ್ನು ಹಿಂದಿರುಗಿಸಿ ಬಿಸಿಲಿನಲ್ಲಿದ್ದ ಚೀಲವನ್ನು ಮಡಿಸತೊಡಗಿದಳು. “ಲೈನಿನ ಬಾಕಿ ಮನೆಗಳಲ್ಲೂ ಇದನ್ನ ಓದಿ ಸಾರ್. ಕದ್ದಳು ಅಂತ ಕೇಳಿದವರು ಇದನ್ನೂ ಕೇಳ್ಲಿ. ನಾಳೆ ಇವಳನ್ನ ಇಸ್ಕೂಲಿಗೆ ಕಳಿಸ್ತೇನೆ. ಇವತ್ತು ಸಾವಿನ ಮನೆ ಉಂಟು.”

ಪವಿತ್ರಾ ಆಗಲೇ ಪಕ್ಕದ ಮನೆಯ ಬಾಗಿಲು ಬಡಿಯುತ್ತಿದ್ದಳು.